ಆಕಾಶದ ದೋಣಿ, ಎರಡು ಟೆಂಟು

ಪಾಂಡವಪುರ
೧೨ ಫೆಬ್ರವರಿ ೨೦೨೫

ಅಕ್ಕಿಹೆಬ್ಬಾಳಿನ ಚಲುವಮ್ಮನವರಿಗೆ,

ದೊಡ್ಡತಾಯಮ್ಮ ಬರೆಯುವುದು. ಇಲ್ಲಿ ಎಲ್ಲ ಸರಿಯಾಗಿದೆ. ನಾನಿರುವ ಮನೆಯಲ್ಲಿ ಏನಾದರೂ ಸರಿಯಿಲ್ಲದಿದ್ದರೆ ಮಧ್ಯಾಹ್ನದೊಳಗೆ ಸರಿ ಮಾಡಿಸುತ್ತೇನೆ.

ಫೋನಿರುವಾಗ ಕಾಗದವೇಕೆ ಎಂದು ನೀವು ನಗಬಹುದು. ಸಂಬಂಧದ ಮಾತನ್ನು ಫೋನಿನಲ್ಲಿ ಆಡಬಾರದು ಎಂಬುದು ನನ್ನ ಕಟ್ಟಳೆ. ನನ್ನ ಎರಡನೆಯ ಮಗಳ ಬೀಗರು ಫೋನಿನಲ್ಲಿ ಒಪ್ಪಿಕೊಂಡಿದ್ದನ್ನು ಚಪ್ಪರದಲ್ಲಿ ನಿಂತು ಮರೆತರು. ಕೈಯಾರೆ ಬರೆದದ್ದನ್ನು ಹಾಗೆ ಮರೆಯಲಾಗುವುದಿಲ್ಲ.

ಮೊನ್ನೆ ಭಾನುವಾರ ನೀವು ನನ್ನ ಮೊಮ್ಮಗಳು ಸಹನಳನ್ನು ನೋಡಲು ಬಂದಿರಿ. ನಿಮ್ಮ ಮೊಮ್ಮಗ ತಿಮ್ಮರಾಜು ಹಸು ಸಾಕಿ ಬದುಕು ಮಾಡುತ್ತಾನೆ ಎಂಬುದು ನಮಗೆ ಒಪ್ಪಿಗೆ. ನಮ್ಮ ಹುಡುಗಿ ನಾಗಮಂಗಲದಲ್ಲಿ ಮಾಡುತ್ತಿರುವ ನರ್ಸ್ ಕೆಲಸವನ್ನು ಮದುವೆಯಾದ ಮೇಲೆ ಕೆ.ಆರ್.ಪೇಟೆಯಲ್ಲಿ ಹುಡುಕಿಕೊಳ್ಳುತ್ತಾಳೆ, ಬಿಡುವುದಿಲ್ಲ. ಇದಕ್ಕೆ ನೀವು ತಲೆಯಾಡಿಸಿದ್ದೀರಿ. ತಲೆಯಾಡಿಸಿದ್ದನ್ನು ನಾನಿಲ್ಲಿ ಬರೆದಿದ್ದೇನೆ.

ಇನ್ನೊಂದು ವಿಷಯ. ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಹಿತ್ತಲಿಗೆ ಕಳಿಸಿದೆವಲ್ಲ, ನಾನು ಅಲ್ಲೇ ಬಸಳೆ ಸೊಪ್ಪು ಕೊಯ್ಯುತ್ತಿದ್ದೆ. ಕೊಯ್ಯುವ ಅಗತ್ಯವಿರಲಿಲ್ಲ ಎಂದು ನಿಮಗೂ ಗೊತ್ತಿದೆ. ನಿಮ್ಮ ಹುಡುಗ ಅವಳ ಸಂಬಳ ಕೇಳಲಿಲ್ಲ, ಅಡುಗೆ ಕೇಳಲಿಲ್ಲ. 'ಆಕಾಶದ ದೋಣಿ' ಎಂಬ ಇಂಗ್ಲಿಷ್ ಪಿಕ್ಚರಿನ ಸುದ್ದಿ ತೆಗೆದ. ಮೂರು ಭಾಗ ಬಂದು ನಿಂತುಹೋದದ್ದು ಇಷ್ಟು ವರ್ಷದ ಮೇಲೆ ಮತ್ತೆ ಬರುತ್ತಿದೆಯಂತೆ, ಕನ್ನಡದಲ್ಲೂ ಬಿಡುತ್ತಾರಂತೆ. ಕೆಡಿಸಿಬಿಡುತ್ತಾರೋ ಎಂದು ಅವನಿಗೆ ನಿದ್ದೆಯಿಲ್ಲ. ನಮ್ಮ ಹುಡುಗಿಗೂ ಅದೇ ಹುಚ್ಚು. ಹಳೆಯ ದೋಣಿ ಎತ್ತಿನಗಾಡಿಯಂತೆ ಕಿರಗುಟ್ಟುತ್ತಿತ್ತು, ಹೊಸದರ ತುಣುಕಿನಲ್ಲಿ ಸದ್ದೇ ಬೇರೆ ಮಾಡಿಬಿಟ್ಟಿದ್ದಾರೆ ಎಂದು ಇಬ್ಬರೂ ಸೇರಿ ಕೊರಗಿದರು.

ಮಕ್ಕಳಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಮೂರನ್ನೂ ನಾನು ನೋಡಿದ್ದೇನೆ. ಆಗ ಪಾಂಡವಪುರದ ಟೆಂಟಿಗೆ ಇಂಗ್ಲಿಷ್ ಚಿತ್ರ ಬಂದರೆ ಶಿವಲಿಂಗಯ್ಯ ಎಂಬಾತ ಪರದೆಯ ಪಕ್ಕ ಮೈಕು ಹಿಡಿದು ಕೂತು ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ಎರಡನ್ನು ಹೈಸ್ಕೂಲಿನಲ್ಲಿದ್ದಾಗ ನೋಡಿದೆ. ಮೂರನೆಯದನ್ನು ಮದುವೆಯಾದ ಮೇಲೆ, ಸಹನಳ ಅಪ್ಪನನ್ನು ಮಡಿಲಲ್ಲಿ ಮಲಗಿಸಿಕೊಂಡು ನೋಡಿದೆ.

ಹೊಸ ಚಿತ್ರದಲ್ಲಿ, ಆ ದೋಣಿ ನಡೆಸುತ್ತಿದ್ದು ಮೂರನೆಯದರ ಕೊನೆಗೆ ಸತ್ತ ಕ್ಯಾಪ್ಟನ್ನಮ್ಮನನ್ನು ಎಬ್ಬಿಸಿ ತರುತ್ತಾರೆ ಎಂದು ಹಿತ್ತಲಿನಲ್ಲಿ ಕಿವಿಗೆ ಬಿತ್ತು. ನಿಜವೋ ಎಂದು ಹುಡುಗನನ್ನು ಕೇಳಿ ತಿಳಿಸಿ. ನಾನು ಕೇಳಿದೆ ಎನ್ನಬೇಡಿ.

ದೊಡ್ಡತಾಯಮ್ಮ


ಅಕ್ಕಿಹೆಬ್ಬಾಳು
೨೪ ಫೆಬ್ರವರಿ ೨೦೨೫

ದೊಡ್ಡತಾಯಮ್ಮನವರೇ,

ನಿಮ್ಮ ಕಾಗದವನ್ನು ಪೋಸ್ಟಿನವನು ಹಿಂದೆ ಮುಂದೆ ತಿರುಗಿಸಿ ನೋಡಿಯೇ ಕೊಟ್ಟ. ಬ್ಯಾಂಕಿನದಲ್ಲದ ಕಾಗದ ನಮ್ಮ ಬೀದಿಗೆ ಬಂದು ಬಹಳ ಕಾಲವಾಯಿತಂತೆ. ಯಾರು ಸತ್ತರು ಎಂದು ಕೇಳಿದ. ಯಾರೂ ಸತ್ತಿಲ್ಲ ಕಣಪ್ಪ, ಮದುವೆ ಎಂದೆ.

ಕೆಲಸ ಬಿಡಿಸುವುದಿಲ್ಲ ಎಂದು ನಾನು ತಲೆಯಾಡಿಸಿದ್ದು ನಿಜ. ಬಾಯಲ್ಲೂ ಹೇಳುತ್ತೇನೆ, ಬೇಕಾದರೆ ಗೋಡೆಯ ಮೇಲೂ ಬರೆಸುತ್ತೇನೆ. ನಮ್ಮ ಮನೆಯಲ್ಲಿ ಹಸುಗಳೂ ಬೆಳಗಾದರೆ ದುಡಿಯಲು ನಿಲ್ಲುತ್ತವೆ, ಸೊಸೆ ದುಡಿದರೆ ನಮಗೇನು ಕಷ್ಟ.

ನೀವು ಕೇಳಿದ್ದನ್ನು ನೀವು ಕೇಳಿದಿರಿ ಎನ್ನದೆ ಕೇಳಿದೆ. ತಿಮ್ಮರಾಜು ಬಾಯಿ ಬಿಟ್ಟುಕೊಂಡು ನಿಂತ. "ಅದ್ಯಾಕಜ್ಜಿ ನಿಂಗೆ, ನಿಂಗೇನ್ ಗೊತ್ತು ಅದು?" ಎಂದ. ಅವನಿಗೇನು ಗೊತ್ತು ನನಗೇನು ಗೊತ್ತೆಂದು. ಹೊಸ ಚಿತ್ರದ ತುಣುಕೊಂದನ್ನು ಫೋನಿನಲ್ಲಿ ಬಿಟ್ಟಿದ್ದಾರೆ. ಅದರಲ್ಲಿ ಒಂದು ಮುದಿ ಕೈ ಚಕ್ರ ತಿರುಗಿಸುತ್ತದೆ, ಮುಖ ಕಾಣುವುದಿಲ್ಲ. ಆ ಕೈ ಯಾರದು ಎಂದು ಲೋಕದಲ್ಲಿ ಎಲ್ಲರೂ ಜಗಳವಾಡುತ್ತಿದ್ದಾರಂತೆ. ನಮ್ಮವನು ಹಾಲು ಕರೆಯುವ ಮುಂಚೆ ಒಂದು ಸಲ, ಕರೆದಾದ ಮೇಲೆ ಒಂದು ಸಲ ಆ ಕೈ ನೋಡುತ್ತಾನೆ. ನಾನೂ ಕನ್ನಡಕ ಹಾಕಿ ನೋಡಿದೆ. ದುಡಿದ ಕೈ. ಬೇರೇನೂ ಹೇಳಲಾರೆ.

ಆದರೆ ಅಮ್ಮ, 'ಸತ್ತ ಕ್ಯಾಪ್ಟನ್ನಮ್ಮ' ಎಂದು ಬರೆದಿದ್ದೀರಲ್ಲ. ಅವಳು ಯಾವಾಗ ಸತ್ತಳು?

ಅದೇ ಮೂರನ್ನು ನಾನೂ ನೋಡಿದ್ದೇನೆ. ಇಲ್ಲಿ ರೈಲು ಸ್ಟೇಷನ್ನಿನ ಆಚೆ ಬಯಲಲ್ಲಿ ಟೆಂಟು ಹಾಕುತ್ತಿದ್ದರು. ನಮ್ಮಲ್ಲಿ ಕಥೆ ಹೇಳುತ್ತಿದ್ದವನು ಮಂಚಯ್ಯ. ರೈಲು ಹೋಗುವಾಗ ಅವನು ಬಾಯಿ ಮುಚ್ಚಿ ಕಾಯುತ್ತಿದ್ದ, ರೈಲು ಹೋದ ಮೇಲೆ ತಪ್ಪಿದ್ದನ್ನೂ ಸೇರಿಸಿ ಹೇಳುತ್ತಿದ್ದ. ಕೊನೆಯಲ್ಲಿ ಆಯಮ್ಮ ಆ ಹುಡುಗ ಜೋರಿಯನ್ನು ಸಣ್ಣ ದೋಣಿಗೆ ತಳ್ಳಿ ಬಾಗಿಲು ಹಾಕುತ್ತಾಳಲ್ಲ, ಆಗ ಮಂಚಯ್ಯ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಓಗಪ್ಪ ನಿನ್ನೂರಿಗೆ. ಇಷ್ಟು ದಿನ ನಿಮ್ಮನ್ನೆಲ್ಲ ಕಾದೆ. ಇನ್ಮೇಲೆ ನಾನುಂಟು, ನನ್ ದೋಣಿ ಉಂಟು." ಹಾಗೆಂದು ನಕ್ಷತ್ರ ನೋಡಲು ಹೊರಟುಹೋದಳು. ಟೆಂಟಿನಲ್ಲಿ ಹೆಂಗಸರೆಲ್ಲ ಚಪ್ಪಾಳೆ ಹೊಡೆದೆವು.

ನೀವು ಬೇರೆ ಯಾವುದೋ ಪಿಕ್ಚರು ನೆನೆಸಿಕೊಂಡಿರಬಹುದು.

ಚಲುವಮ್ಮ


ಪಾಂಡವಪುರ
೫ ಮಾರ್ಚ್ ೨೦೨೫

ಚಲುವಮ್ಮನವರಿಗೆ,

ನಾನು ಬೇರೆ ಪಿಕ್ಚರು ನೆನೆಸಿಕೊಂಡಿಲ್ಲ. ನನ್ನ ನೆನಪಿನಲ್ಲಿ ಎಂದೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ದೋಣಿ ಕೆಟ್ಟು ಸೂರ್ಯನ ಕಡೆ ಬೀಳುತ್ತಿರುತ್ತದೆ. ಸಣ್ಣ ದೋಣಿಯಲ್ಲಿ ಒಬ್ಬರಿಗೆ ಮಾತ್ರ ಜಾಗ. ಕ್ಯಾಪ್ಟನ್ನಮ್ಮ ಜೋರಿಯನ್ನು ಅದರೊಳಗೆ ಕೂರಿಸಿ, ಅವನು ಗಾಜಿಗೆ ಗುದ್ದಿದರೂ ಬಾಗಿಲು ತೆಗೆಯುವುದಿಲ್ಲ. ಆಗ ಶಿವಲಿಂಗಯ್ಯ ಮೈಕಿನಲ್ಲಿ ಹೇಳಿದ: ಇವಳೇ ಅವನ ಹೆತ್ತ ತಾಯಿ, ಎಳೆಗೂಸಿನಲ್ಲಿ ಅವನನ್ನು ಬಿಟ್ಟು ಹೋಗಿದ್ದವಳು, ಈಗಲೂ ಹೇಳದೆ ಸಾಯುತ್ತಿದ್ದಾಳೆ. ಟೆಂಟಿನಲ್ಲಿ ಒಂದು ಮಗುವೂ ಅಳಲಿಲ್ಲ. ಶಿವಲಿಂಗಯ್ಯ ಮೈಸೂರಿನಲ್ಲಿ ಓದಿದವನು. ನಿಮ್ಮ ಮಂಚಯ್ಯ ಎಲ್ಲಿ ಓದಿದ್ದ ಎಂದು ನಾನು ಕೇಳುವುದಿಲ್ಲ.

ಕೇಳದೆ ಬಾಗಿಲು ಹಾಕಿದ್ದೇ ಅವಳ ದೊಡ್ಡತನ. ಕೇಳಿದ್ದರೆ ಹುಡುಗ ಒಪ್ಪುತ್ತಿದ್ದನೇ? ಮನೆಯಲ್ಲಿ ಹಿರಿಯರು ಎಲ್ಲರನ್ನೂ ಕೇಳುತ್ತಾ ಕೂತರೆ ಒಂದು ಕೆಲಸವೂ ಆಗುವುದಿಲ್ಲ. ಇದನ್ನು ನಾನು ಆ ಪಿಕ್ಚರಿನಿಂದ ಕಲಿತೆ ಎಂದರೆ ನಮ್ಮ ಮನೆಯವರು ನಂಬಲಾರರು. ಈಗ ಅವಳನ್ನು ಎಬ್ಬಿಸಿ ತಂದರೆ ಆ ಸಾವಿಗೆ ಏನು ಬೆಲೆ? ದುಡ್ಡಿಗಾಗಿ ಹೆಣವನ್ನೂ ನಡೆಸುವ ಜನ. ನನಗಿರುವ ಭಯ ಅದೊಂದೇ.

ಅಂದಹಾಗೆ ನಿಮ್ಮ ತಿಮ್ಮರಾಜು ನಿನ್ನೆ ಬೂಸಾ ಕೊಳ್ಳಲು ನಮ್ಮೂರಿಗೆ ಬಂದಿದ್ದ. ಅಂಗಡಿಯಲ್ಲಿ ಕಂಡು ಮನೆಗೆ ಕರೆಸಿದೆ. ಜಗುಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಶಿವಲಿಂಗಯ್ಯನ ಕಥೆ ಹೇಳಿ, ಕ್ಯಾಪ್ಟನ್ನಮ್ಮ ಜೋರಿಗೆ ಏನಾಗಬೇಕು ಎಂದು ನೇರ ಕೇಳಿದೆ. ಅವನು ಲೋಟ ಕೆಳಗಿಟ್ಟು, "ತಾಯೀನೇ ಅಜ್ಜಿ, ನೀವ್ ಯೋಳಿದ್ದೇ ಸರಿ" ಎಂದ. ಹೊಸ ಕಾಲದ ಹುಡುಗ, ಇಂಗ್ಲಿಷಿನಲ್ಲೇ ನೋಡಿದವನು ಹೇಳಿದ ಮೇಲೆ ಮುಗಿಯಿತು.

ಯುಗಾದಿ ಕಳೆದ ಮೇಲೆ ನಿಮ್ಮ ಮನೆ ನೋಡಲು ಬರುತ್ತೇವೆ. ವೀಳ್ಯಶಾಸ್ತ್ರದ ದಿನವನ್ನು ಅಲ್ಲೇ ಗೊತ್ತು ಮಾಡೋಣ.

ದೊಡ್ಡತಾಯಮ್ಮ


ಅಕ್ಕಿಹೆಬ್ಬಾಳು
೧೯ ಮಾರ್ಚ್ ೨೦೨೫

ದೊಡ್ಡತಾಯಮ್ಮನವರೇ,

ನಗು ತಡೆಯಲಾರದೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಮನ್ನಿಸಿ.

ನಿಮ್ಮ ಹಾಗೆ ನನಗೆ ಫೋನಿನ ಮೇಲೆ ಮುನಿಸಿಲ್ಲ. ಮೊನ್ನೆ ಸಂಜೆ ನಿಮ್ಮ ಸಹನಳಿಗೆ ಫೋನು ಮಾಡಿದ್ದೆ. ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಳು. ಕ್ಯಾಪ್ಟನ್ನಮ್ಮ ಕೊನೆಗೆ ಸತ್ತಳೋ ಇಲ್ಲವೋ ಎಂದು ಕೇಳಿದೆ, ನಮ್ಮ ಮಂಚಯ್ಯ ಹೇಳಿದ್ದನ್ನೂ ಹೇಳಿದೆ. "ಸಾಯಲ್ಲ ಅಜ್ಜಿ, ನೀವು ಹೇಳ್ದಂಗೇ, ಒಬ್ಳೇ ಊರೂರು ನೋಡ್ಕೊಂಡು ಹೋಗ್ತಾಳೆ" ಎಂದಳು. ತಾಯಿಯೇನೇ ಎಂದರೆ, "ಅಯ್ಯೋ, ತಾಯಿ ಎಲ್ಲಿಂದ ಬಂತು" ಎಂದಳು.

ಈಗ ನೋಡಿ. ನಿಮ್ಮ ಜಗುಲಿಯಲ್ಲಿ ನನ್ನ ಮೊಮ್ಮಗ ನಿಮ್ಮ ಪಕ್ಷ. ನನ್ನ ಫೋನಿನಲ್ಲಿ ನಿಮ್ಮ ಮೊಮ್ಮಗಳು ನನ್ನ ಪಕ್ಷ. ಮಜ್ಜಿಗೆ ಕೊಟ್ಟವರಿಗೆ ಒಂದು ಕಥೆ, ಫೋನು ಮಾಡಿದವರಿಗೆ ಒಂದು ಕಥೆ. ಇಬ್ಬರೂ ಸೇರಿ ನಮ್ಮನ್ನು ಚೆನ್ನಾಗಿ ಆಡಿಸಿದ್ದಾರೆ. ಇವರಿಗಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ ಹೇಳಿ.

ಮನೆ ನೋಡಲು ಯಾವಾಗ ಬರುತ್ತೀರಿ? ಹೊಸ ಕೊಟ್ಟಿಗೆಗೆ ಶೀಟು ಹಾಕಿಸಿದ್ದೇವೆ. ನೀವು ತಪ್ಪು ಹುಡುಕಲು ಬರುತ್ತೀರಿ ಎಂದು ತಿಮ್ಮರಾಜು ದಿನಾ ತೊಳೆಸುತ್ತಿದ್ದಾನೆ.

ಚಲುವಮ್ಮ


ಪಾಂಡವಪುರ
೨೭ ಮಾರ್ಚ್ ೨೦೨೫

ಚಲುವಮ್ಮನವರಿಗೆ,

ನನಗೆ ನಗು ಬರಲಿಲ್ಲ.

ಒಂದು ಪಿಕ್ಚರಿನ ಬಗ್ಗೆ ಸುಳ್ಳು ಹೇಳಿದರೆ ಏನು ಮಹಾ ಎನ್ನುತ್ತೀರಿ. ನಾನು ಕೇಳಿದ್ದು ನೇರವಾದ ಮಾತು. ತನಗೆ ಯಾವ ನಷ್ಟವೂ ಇಲ್ಲದ ಕಡೆ, ಕಣ್ಣಲ್ಲಿ ಕಣ್ಣಿಟ್ಟು ಹುಸಿ ಹೇಳುವವನು ನಾಳೆ ನಷ್ಟವಾಗುವ ಕಡೆ ಏನು ಹೇಳಿಯಾನು? ಹಾಲಿಗೆ ನೀರು ಬಿದ್ದರೆ ಹೇಳುತ್ತಾನೆಯೇ? ಮೈ ಕಾದರೆ ಹೇಳುತ್ತಾನೆಯೇ? ಎದುರಿಗೆ ತಲೆಯಾಡಿಸಿ ಹಿಂದೆ ತನ್ನ ಪಾಡು ನೋಡಿಕೊಳ್ಳುವ ಗಂಡಸರನ್ನು ನಾನು ಕಂಡಿದ್ದೇನೆ, ನಮ್ಮ ವಂಶದಲ್ಲೂ ಕಂಡಿದ್ದೇನೆ. ಅಂಥ ಮನೆಯಲ್ಲಿ ಹೆಂಗಸಿಗೆ ಯಾವ ಮಾತು ನಿಜವೆಂದು ತಿಳಿಯುವುದರೊಳಗೆ ಆಯಸ್ಸು ಕಳೆಯುತ್ತದೆ.

ನಮ್ಮ ಹುಡುಗಿಯೂ ಸುಳ್ಳು ಹೇಳಿದಳು ಎನ್ನುತ್ತೀರಿ. ಅವಳನ್ನು ನಾನು ವಿಚಾರಿಸಿಕೊಳ್ಳುತ್ತೇನೆ. ಹುಡುಗನನ್ನು ನೀವು ವಿಚಾರಿಸಿ.

ಮನೆ ನೋಡುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ. ವೀಳ್ಯಶಾಸ್ತ್ರದ ಮಾತು ಬೇಡ.

ದೊಡ್ಡತಾಯಮ್ಮ


ಅಕ್ಕಿಹೆಬ್ಬಾಳು
೧೪ ಮೇ ೨೦೨೫

ದೊಡ್ಡತಾಯಮ್ಮನವರಿಗೆ,

ಯುಗಾದಿಗೆ ಬರೆದದ್ದಕ್ಕೆ ಉತ್ತರವಿಲ್ಲ. ಆಮೇಲೆ ಬರೆದದ್ದಕ್ಕೂ ಇಲ್ಲ. ಬರೆದದ್ದನ್ನು ಮರೆಯಲಾಗುವುದಿಲ್ಲ ಎಂದವರು ನೀವೇ.

ನಾಗಮಂಗಲದ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗಿ ಟೀಚರು. ನಾವು ಇನ್ನೂ ಏನೂ ಹೇಳಿಲ್ಲ. ತಿಮ್ಮರಾಜು ಫೋಟೋ ನೋಡಿ ಚೆನ್ನಾಗಿದ್ದಾಳೆ ಎಂದ, ಕೊಟ್ಟಿಗೆಗೆ ಹೋದ. ಈಗ ಆ ಮುದಿ ಕೈ ನೋಡುವುದನ್ನೂ ಬಿಟ್ಟಿದ್ದಾನೆ.

ಚಲುವಮ್ಮ


ಪಾಂಡವಪುರ
೧೯ ಜೂನ್ ೨೦೨೫

ಚಲುವಮ್ಮನವರಿಗೆ,

ನಿಮ್ಮ ಮೇ ತಿಂಗಳ ಕಾಗದವನ್ನು ಮೊದಲು ಓದಿದಾಗ ಬೆದರಿಕೆ ಎಂದುಕೊಂಡೆ. ನಾಗಮಂಗಲದ ಟೀಚರನ್ನು ತೋರಿಸಿದರೆ ನಾನು ಓಡಿ ಬರುತ್ತೇನೆಂದು ಲೆಕ್ಕ ಹಾಕಿದ್ದೀರಿ ಎಂದು ಕೋಪ ಬಂತು. ಉತ್ತರ ಬರೆದು ಹರಿದೆ. ಈಗ ಮತ್ತೆ ಓದಿದರೆ ಅದರಲ್ಲಿ ಹುಡುಗ ಕೊಟ್ಟಿಗೆಗೆ ಹೋದ ಎಂಬುದೊಂದೇ ಕಾಣುತ್ತದೆ.

ನಡೆದದ್ದನ್ನು ಬರೆಯುತ್ತೇನೆ. ಸಹನ ರಜೆಯ ಮೇಲೆ ಬಂದಿದ್ದಳು. ಈ ಮಾತು ನಿಂತ ಮೇಲೆ ಅವಳು ನನ್ನೆದುರು ಬೇಕಾದಷ್ಟೇ ಮಾತಾಡುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಹಾಕಿದ್ದನ್ನು ಉಣ್ಣುತ್ತಿದ್ದಳು. ಮೊದಲಾಗಿದ್ದರೆ ಇದನ್ನು ನಾನು ವಿಧೇಯತೆ ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಅವಳನ್ನು ಕರೆದು, ಆ ಮೂರನೆಯ ಭಾಗವನ್ನು ಹಾಕು, ನಾನೇ ನೋಡುತ್ತೇನೆ ಎಂದೆ. ಅವಳಿಗೆ ನಂಬಿಕೆಯಾಗಲಿಲ್ಲ. ಮಗನ ಟೀವಿಗೆ ಏನೋ ಜೋಡಿಸಿ ಹಾಕಿದಳು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದ್ದವು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಅವು ಓಡಿದಷ್ಟು ಬೇಗ ಸಿಗಲಿಲ್ಲ, ಅಲ್ಲಲ್ಲಿ ನಿಲ್ಲಿಸಿ ಓದಿದೆ.

ಎಷ್ಟೋ ಕಡೆ ಶಿವಲಿಂಗಯ್ಯ ಹೇಳಿದ್ದು ಒಂದು, ಅಲ್ಲಿರುವುದು ಒಂದು. ತಗಡಣ್ಣ ಎಂದು ನಾವು ಕರೆಯುತ್ತಿದ್ದ ಯಂತ್ರದ ಮನುಷ್ಯ ಟೆಂಟಿನಲ್ಲಿ ಮಾತುಮಾತಿಗೂ ರಾಗಿ ಮುದ್ದೆ ಕೇಳುತ್ತಿದ್ದ. ಇಲ್ಲಿ ಅವನು ಬಾಯೇ ಬಿಡುವುದಿಲ್ಲ. ಅದನ್ನೆಲ್ಲ ಸಹಿಸಿದೆ. ಕೊನೆಯ ಘಟ್ಟ ಬಂತು. ಕ್ಯಾಪ್ಟನ್ನಮ್ಮ ಬಾಗಿಲು ಹಾಕಿದಳು. ಹುಡುಗ ಗಾಜಿಗೆ ಗುದ್ದಿದ. ಸದ್ದಿಲ್ಲ. ಅಕ್ಷರವೂ ಇಲ್ಲ. ಟೀವಿ ಕೆಟ್ಟಿತು, ಸರಿ ಮಾಡು ಎಂದೆ.

"ಕೆಟ್ಟಿಲ್ಲ ಅಜ್ಜಿ. ಇಲ್ಲಿ ಮಾತೇ ಇಲ್ಲ" ಎಂದಳು.

ಹಿಂದಕ್ಕೆ ಹಾಕಿಸಿ ಮತ್ತೆ ನೋಡಿದೆ. ಮಾತಿಲ್ಲ, ಚಲುವಮ್ಮನವರೇ. ಒಂದು ಅಕ್ಷರವೂ ಇಲ್ಲ. ಅವಳು ಗಾಜಿನ ಮೇಲೆ ಕೈ ಇಡುತ್ತಾಳೆ, ತಿರುಗಿ ಹೋಗುತ್ತಾಳೆ. ದೋಣಿ ಒಂದು ಕಪ್ಪು ಗ್ರಹದ ಹಿಂದೆ ಮರೆಯಾಗುತ್ತದೆ. ಸುಟ್ಟದ್ದನ್ನೂ ತೋರಿಸುವುದಿಲ್ಲ, ಉಳಿದದ್ದನ್ನೂ ತೋರಿಸುವುದಿಲ್ಲ. ಆ ಸುಮ್ಮನಿರುವ ಜಾಗದಲ್ಲಿ ಕುಳಿತು ನಮ್ಮ ಶಿವಲಿಂಗಯ್ಯ ತಾಯಿಯನ್ನು ಮಾಡಿದ, ನಿಮ್ಮ ಮಂಚಯ್ಯ ದೇಶಾಂತರ ಹೊರಟ ಹೆಂಗಸನ್ನು ಮಾಡಿದ. ಮೈಕು ಹಿಡಿದವರು ಸುಮ್ಮನಿದ್ದರೆ ಜನ ಕಾಸು ವಾಪಸು ಕೇಳುತ್ತಿದ್ದರೇನೋ.

ಹಾಗಾದರೆ ನೀನು ಚಲುವಮ್ಮನವರಿಗೆ ಹಾಗೇಕೆ ಹೇಳಿದೆ, ಆ ಹುಡುಗ ನನಗೆ ಹೀಗೇಕೆ ಹೇಳಿದ ಎಂದು ಕೇಳಿದೆ. ಅವಳು ಟೀವಿ ಆರಿಸಿದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅವರು ಹೆದರಿಕೊಂಡು ಹೇಳಿದ್ದು ಅಜ್ಜಿ. ನಾನೂ ಹೆದರಿಕೊಂಡೇ ಹೇಳಿದ್ದು, ಚಲುವಜ್ಜಿ ಬೇಜಾರಾಗಿ ನಿಮಗೇನಾದ್ರೂ ಅಂದ್ರೆ ನೀವು ಈ ಸಂಬಂಧಾನೇ ನಿಲ್ಲಿಸ್ತೀರಿ ಅಂತ. ನಿಮ್ಮೆದುರಿಗೆ ಇಲ್ಲ ಅನ್ನೋಕೆ ನಮ್ಮನೇಲಿ ಯಾರಿಗೆ ಬರುತ್ತೆ? ಅಪ್ಪಂಗೆ ಬರುತ್ತಾ?"

ಅವಳ ಅಪ್ಪ ಅಲ್ಲೇ ಪೇಪರು ಓದುತ್ತಿದ್ದ. ಹಾಳೆ ತಿರುಗಿಸಿದ. ನನ್ನ ಕಡೆ ನೋಡಲಿಲ್ಲ.

ಇದನ್ನು ನಿಮಗೆ ಬರೆಯುವ ಅಗತ್ಯವಿರಲಿಲ್ಲ. ಬರೆದಿದ್ದೇನೆ, ಹೆಚ್ಚು ಹೇಳುವುದಿಲ್ಲ.

ಹೊಸ ಭಾಗ ಜುಲೈ ಹದಿನೆಂಟಕ್ಕೆ ಬಿಡುಗಡೆಯಂತೆ. ಅದು ಆಷಾಢ, ಶುಭಕಾರ್ಯದ ಮಾತು ಬರುವ ಹಾಗಿಲ್ಲ, ಆದ್ದರಿಂದ ಅನುಕೂಲ. ಭಾನುವಾರ ನಾವಿಬ್ಬರೂ ಮಕ್ಕಳಿಬ್ಬರನ್ನು ಕರೆದುಕೊಂಡು ಹೋಗಿ ನೋಡೋಣ. ಪಾಂಡವಪುರ ಬೇಡ, ನನ್ನೂರಾಯಿತು. ಕೆ.ಆರ್.ಪೇಟೆ ಬೇಡ, ನಿಮ್ಮ ಕಡೆಯಾಯಿತು. ಶ್ರೀರಂಗಪಟ್ಟಣದ ಟಾಕೀಸಿಗೆ ಬನ್ನಿ, ಮಧ್ಯಾಹ್ನದ ಆಟ. ಇದು ಒಪ್ಪಿಗೆಯಲ್ಲ. ನಾನು ಆ ಹುಡುಗನನ್ನು ಇನ್ನೊಂದು ಸಲ ನೋಡಬೇಕು, ಅಷ್ಟೇ. ಅವನಿಗೆ ಏನು ಮಾತಾಡಬೇಕೆಂದು ಹೇಳಿಕೊಟ್ಟು ಕರೆತರಬೇಡಿ. ನಾಗಮಂಗಲದವರಿಗೆ ನೀವು ಮಾತು ಕೊಟ್ಟಾಗಿದ್ದರೆ ತಿಳಿಸಿ, ನಾವು ನಮ್ಮ ಪಾಡಿಗೆ ನೋಡುತ್ತೇವೆ.

ದೊಡ್ಡತಾಯಮ್ಮ


ಅಕ್ಕಿಹೆಬ್ಬಾಳು
೨ ಜುಲೈ ೨೦೨೫

ದೊಡ್ಡತಾಯಮ್ಮನವರೇ,

ಮಾತು ಕೊಟ್ಟಿಲ್ಲ. ನಾಗಮಂಗಲದವರು ಕಾದು ಕಾದು ಬೇರೆ ಕಡೆ ನೋಡಿಕೊಂಡರು. ನಾನು ಬೆದರಿಸಲು ಬರೆದದ್ದೇ, ನೀವು ಮೊದಲು ಓದಿದ್ದೇ ಸರಿ. ಆದರೆ ಆ ಕೊನೆಯ ಸಾಲು ಬರೆಯುವಾಗ ಬೆದರಿಸುವುದು ಮರೆತುಹೋಯಿತು.

ಅಲ್ಲಿ ಮಾತೇ ಇಲ್ಲ ಎಂದು ನೀವು ಬರೆದದ್ದನ್ನು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ನಾನು ಆಗ ನೋಡಿ ಬಂದ ರಾತ್ರಿಯೇ ಮಂಚಯ್ಯನ ಮಾತನ್ನು ನನ್ನ ಅತ್ತೆಗೆ ಹೇಳಿ ಬೈಸಿಕೊಂಡಿದ್ದೆ. ಗಂಡ ತೀರಿಕೊಂಡು, ಮಕ್ಕಳು ಚಿಕ್ಕವರಾಗಿದ್ದಾಗ, ರಾಗಿ ಹೊಲದಲ್ಲಿ ಒಬ್ಬಳೇ ಕಳೆ ಕೀಳುತ್ತಾ ಅದನ್ನೇ ಹೇಳಿಕೊಳ್ಳುತ್ತಿದ್ದೆ, ನಾನುಂಟು ನನ್ನ ದೋಣಿ ಉಂಟು ಎಂದು. ಆ ಮಾತು ಸಿನಿಮಾದವರದಲ್ಲ, ನಮ್ಮೂರಿನ ಬೀಡಿ ಸೇದುವ ಮಂಚಯ್ಯನದು ಎಂದು ತಿಳಿದ ಮೇಲೆ ಅದರ ಮೇಲೆ ಪ್ರೀತಿ ಹೆಚ್ಚಾಯಿತೋ ಕಡಿಮೆಯಾಯಿತೋ, ಗೊತ್ತಾಗುತ್ತಿಲ್ಲ.

ಆದರೂ ನನಗೊಂದು ಆಸೆ. ಆ ಮುದಿ ಕೈ ಅವಳದೇ ಆಗಿರಲಿ. ಅವಳು ಎಲ್ಲೆಲ್ಲಿ ಹೋಗಿ ಬಂದಳೋ ನೋಡಬೇಕು. ನಿಮಗೆ ಅವಳು ಸತ್ತಿರಬೇಕು, ನನಗೆ ಅವಳು ತಿರುಗಾಡಿರಬೇಕು. ಯಾರೋ ಒಬ್ಬರು ಅಳುತ್ತಾ ಬಸ್ಸು ಹತ್ತುವುದು ಖಂಡಿತ.

ತಿಮ್ಮರಾಜುವಿಗೆ ನಾನೇನೂ ಹೇಳಿಕೊಟ್ಟಿಲ್ಲ. ಅವನೇ ಬಂದು ಕೇಳಿದ, "ಅಜ್ಜಿ, ಆಯಮ್ಮ ಕೇಳಿದ್ರೆ ಏನಂತ ಯೋಳ್ಲಿ?" ಎಂದು. ಏನು ಅನ್ನಿಸುತ್ತೋ ಅದನ್ನು ಹೇಳು ಎಂದೆ. ಅದು ಅವನಿಗೆ ಬಹಳ ಕಷ್ಟದ ಕೆಲಸ ಎಂಬಂತೆ ಮುಖ ಮಾಡಿದ. ಅವನಿಗೆ ಈಗ ಎರಡು ಚಿಂತೆ. ಡಬ್ಬಿಂಗು ಕೆಟ್ಟದಾಗಿದ್ದರೆ ಹೇಗೆ ಎಂಬುದೊಂದು. ನೀವು ಎಂಬುದು ಇನ್ನೊಂದು.

ನಾಲ್ಕು ಟಿಕೆಟು ತೆಗೆಸಿದ್ದಾನೆ. ಚಕ್ಕುಲಿ ನಾನು ತರುತ್ತೇನೆ.

ಚಲುವಮ್ಮ


ಪಾಂಡವಪುರ
೨೨ ಜುಲೈ ೨೦೨೫

ಚಲುವಮ್ಮನವರಿಗೆ,

ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಜನ ಜಾಸ್ತಿ, ನಿಮ್ಮ ಕೆ.ಆರ್.ಪೇಟೆ ಬಸ್ಸು ಹೊರಟೇಬಿಟ್ಟಿತು. ಹೇಳಬೇಕಾದದ್ದು ಉಳಿದುಹೋಯಿತು. ಅದಕ್ಕೆ ಈ ಕಾಗದ.

ಮೊದಲು ಚಿತ್ರದ ಮಾತು. ನನ್ನ ಭಯವೇ ನಿಜವಾಯಿತು. ಕ್ಯಾಪ್ಟನ್ನಮ್ಮನನ್ನು ಎಬ್ಬಿಸಿ ತಂದರು. ಆ ಕೈ ಅವಳದೇ ಎಂದು ಕಂಡ ಕ್ಷಣ ನೀವು ನನ್ನ ಮೊಣಕೈ ಹಿಡಿದಿರಿ, ನಾನು ಬಿಡಿಸಿಕೊಳ್ಳಲಿಲ್ಲ. ಆದರೆ ಎಂಥ ಬಾಳು ಕೊಟ್ಟಿದ್ದಾರೆ ನೋಡಿ. ಮರಳುಗಾಡಿನಂಥ ಒಂದು ಗ್ರಹದಲ್ಲಿ ಗ್ಯಾರೇಜು ಇಟ್ಟುಕೊಂಡು ಊರವರ ದೋಣಿ ರಿಪೇರಿ ಮಾಡುತ್ತಾಳೆ. ಜೋರಿ ತಲೆ ನರೆತು ಹುಡುಕಿಕೊಂಡು ಬಂದು, ಯಾಕೆ ಬಾಗಿಲು ಹಾಕಿದೆ ಎಂದು ಕೇಳುತ್ತಾನೆ. ಇಷ್ಟು ವರ್ಷ ನಾವು ಕಾದಿದ್ದ ಮಾತು. ಅವಳು ಸ್ಪ್ಯಾನರು ಒರೆಸುತ್ತಾ, ನಿನ್ನ ಭಾರ ಇಳಿಸಿದರೆ ದೊಡ್ಡ ದೋಣಿ ತಿರುಗುತ್ತಿತ್ತು, ಇಳಿಸಿದೆ, ತಿರುಗಿತು ಎನ್ನುತ್ತಾಳೆ. ಮೂಟೆಯ ತೂಕ ನೋಡಿದ ಹಾಗೆ. ತಾಯಿಯೂ ಅಲ್ಲ. ತಿರುಗಾಡಿದವಳೂ ಅಲ್ಲ, ಆ ಅಂಗಡಿ ಬಿಟ್ಟು ಕದಲಿಲ್ಲವಂತೆ. ನಿಮ್ಮ ಕಡೆ ತಿರುಗಿ ನೋಡಿದೆ. ನೀವು ಚಕ್ಕುಲಿ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಿರಿ. ಈ ಆರು ತಿಂಗಳಲ್ಲಿ ನಾವಿಬ್ಬರೂ ಒಂದೇ ಪಕ್ಷದಲ್ಲಿದ್ದುದು ಅದೊಂದೇ ಗಳಿಗೆ.

ಸುಮ್ಮನೆ ಬಿಟ್ಟಿದ್ದ ಜಾಗವನ್ನು ಅಂದು ಶಿವಲಿಂಗಯ್ಯ, ಮಂಚಯ್ಯ ತುಂಬಿದರು. ಅವರು ನಮ್ಮ ಮುಖ ನೋಡಿಕೊಂಡು ತುಂಬಿದರು. ಇವರು ಯಾರ ಮುಖವನ್ನೂ ನೋಡದೆ ತುಂಬಿದ್ದಾರೆ. ನನ್ನ ತೀರ್ಮಾನ ಇಷ್ಟು.

ಇನ್ನು ಮುಖ್ಯವಾದದ್ದು. ಆಟ ಬಿಟ್ಟ ಮೇಲೆ ಟೀ ಅಂಗಡಿಯ ಹತ್ತಿರ ನೀವು ಕಾಲು ನೋವೆಂದು ಕಟ್ಟೆಯ ಮೇಲೆ ಕೂತಿರಿ. ನಾನು ನಿಮ್ಮ ಹುಡುಗನಿಗೆ ಈಗ ನಿಮಗೆ ಬರೆದದ್ದನ್ನೇ ಹೇಳಿದೆ, ಪಿಕ್ಚರು ಕೆಟ್ಟದ್ದು ಎಂದೆ. ಅವನು ಲೋಟ ಹಿಡಿದು ನಿಂತ. ತಲೆಯಾಡಿಸುತ್ತಾನೆ, ಇದು ಇಲ್ಲಿಗೆ ಮು​ಗಿಯಿತು ಎಂದುಕೊಂಡೆ. ಅವನು ಲೋಟ ಕೆಳಗಿಟ್ಟ.

"ಇಲ್ಲ ಕಣಜ್ಜಿ, ನೀವ್ ಯೋಳೋದು ತಪ್ಪು" ಎಂದ.

ನಾನು 'ಏನು?' ಎಂದೆ. ನನ್ನ 'ಏನು' ಕೇಳಿದರೆ ನಮ್ಮ ಮನೆಯಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಇವನದು ನಿಲ್ಲಲಿಲ್ಲ.

"ನಂಗೆ ಇದೇ ಇಷ್ಟ ಆಯ್ತು. ಅಳೇದ್ರಲ್ಲಿ ಆಯಮ್ಮ ದೇವ್ರಂಗಿದ್ಲು, ಇದ್ರಲ್ಲಿ ಮನುಸ್ರಂಗವ್ಳೆ. ಕೆಲ್ಸ ಗೊತ್ತಿತ್ತು, ಮಾಡಿದ್ಲು. ಆದ್ರೆ ಆ ಹುಡ್ಗುಂಗೆ ಒಂದ್ ಮಾತು ಯೋಳ್ಬುಟ್ಟು ಬಾಗ್ಲು ಹಾಕ್ಬೋದಿತ್ತು. ಒಂದ್ ಮಾತು. ಅಷ್ಟ್ ವರ್ಸ ಅವ್ನು ಯಾಕೆ ಅಂತ ಗೊತ್ತಿಲ್ದೆ ಬದುಕ್ದ. ಅದು ಆಯಮ್ಮುನ್ ತಪ್ಪೇಯ."

ಯಾರ ಬಗ್ಗೆ ಹೇಳುತ್ತಿದ್ದೀಯ ಎಂದು ಕೇಳಿದೆ. "ಪಿಕ್ಚರಿನ ಬಗ್ಗೇನೇ ಅಜ್ಜಿ" ಎಂದ. ಅವನು ಪಿಕ್ಚರಿನ ಬಗ್ಗೆಯೇ ಹೇಳಿದ, ಅವನಿಗೆ ಸುತ್ತು ಮಾತು ಬರುವುದಿಲ್ಲ. ಜಗುಲಿಯ ಮೇಲೆ ಸುಳ್ಳು ಹೇಳಿದ್ದು ನಿಜವೋ ಎಂದೆ. "ನಿಜ. ಹೆದ್ರಿಕೊಂಡು ಯೋಳ್ಬುಟ್ಟೆ. ಮಜ್ಜಿಗೇನೂ ಉಳಿಯಾಗಿತ್ತು, ಅದ್ನೂ ಚೆನ್ನಾಗದೆ ಅಂದ್ಬುಟ್ಟೆ" ಎಂದ. ಮಜ್ಜಿಗೆ ಹುಳಿಯಾಗಿರಲಿಲ್ಲ.

ಅಷ್ಟರಲ್ಲಿ ಸಹನ ನಡುವೆ ಬಂದಳು. ಅವನನ್ನು ಬಿಡಿಸಿಕೊಳ್ಳಲು ಬಂದಳು ಎಂದುಕೊಂಡೆ. ಬರುತ್ತಲೇ ಅವನ ಮೇಲೆ ಬಿದ್ದಳು. ಹೊಸದರಲ್ಲಿ ದೋಣಿಯ ಸದ್ದು ಕೆಡಿಸಿದ್ದಾರೆ, ತಗಡಣ್ಣನಿಗೆ ಬಾಯಿ ಕೊಟ್ಟು ಹಾಳು ಮಾಡಿದ್ದಾರೆ, ಇದು ಹೇಗೆ ಇಷ್ಟವಾಯಿತು ನಿಮಗೆ ಎಂದು. ಟಾಕೀಸಿನಿಂದ ಬಸ್‌ಸ್ಟ್ಯಾಂಡಿನವರೆಗೂ ಇಬ್ಬರೂ ಜಗಳವಾಡಿಕೊಂಡು ನಡೆದರು. ಅವನ ಒಂದು ಮಾತನ್ನೂ ಅವಳು ಒಪ್ಪಲಿಲ್ಲ, ಅವಳದನ್ನು ಅವನು ಒಪ್ಪಲಿಲ್ಲ. ಒಬ್ಬರೂ ದನಿ ತಗ್ಗಿಸಲಿಲ್ಲ. ನಾನು ಹಿಂದೆ ಬರುತ್ತಿದ್ದೇನೆ ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಅದು ನನಗೆ ಹೊಸದು.

ಬಸ್ಸಿನಲ್ಲಿ ಅವಳ ಪಕ್ಕ ಕೂತು ಕೇಳಿದೆ. ನಾನು ಯಾರನ್ನೂ ಹೀಗೆ ಕೇಳಿದವಳಲ್ಲ, ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕಾಲುವೆ ದಾಟುವವರೆಗೂ ಕಿಟಕಿ ನೋಡುತ್ತಾ ಕೂತಿದ್ದೆ. ಆಮೇಲೆ, ಈ ಹುಡುಗ ನಿನಗೆ ಬೇಕೋ ಬೇಡವೋ, ನೀನು ಹೇಳು, ಬೇಡ ಎಂದರೂ ನಾನು ಏನೂ ಅನ್ನುವುದಿಲ್ಲ ಎಂದೆ. ಅವಳು ನನ್ನ ಕಡೆ ತಿರುಗಿದಳು.

"ಅವರಿಗೆ ಸಿನಿಮಾನೇ ಅರ್ಥ ಆಗಲ್ಲ ಅಜ್ಜಿ" ಎಂದಳು. "ನಾನು ಕೂತ್ಕೊಂಡು ಹೇಳ್ಕೊಡ್ಬೇಕು. ತುಂಬಾ ದಿನ ಹಿಡಿಯುತ್ತೆ."

ಹೇಳುತ್ತಾ ಅವಳ ಕಿವಿ ಕೆಂಪಾಗಿತ್ತು. ನಾನು ಮತ್ತೆ ಕಿಟಕಿಯ ಕಡೆ ತಿರುಗಿದೆ.

ನಿಮ್ಮ ಮೊಮ್ಮಗನಿಗೆ ಚಿತ್ರ ನೋಡುವ ಬುದ್ಧಿಯಿಲ್ಲ. ಅವನ ಅಭಿಪ್ರಾಯ ಶುದ್ಧ ತಪ್ಪು, ಇದನ್ನು ನಾನು ಮದುವೆಯ ಚಪ್ಪರದಲ್ಲೂ ಹೇಳುವವಳೇ. ಆದರೆ ಅವನು ನನ್ನ ಮುಖ ನೋಡಿಕೊಂಡು ಹೇಳಿದ. ಆಷಾಢ ಕಳೆಯಲಿ. ಶ್ರಾವಣದಲ್ಲಿ ನಿಮಗೆ ಯಾವ ದಿನ ಅನುಕೂಲವೋ ತಿಳಿಸಿ, ನಾವು ಮನೆ ನೋಡಲು ಬರುತ್ತೇವೆ. ಆಮೇಲೆ ನೀವು ವೀಳ್ಯ ತೆಗೆದುಕೊಂಡು ಬನ್ನಿ.

ದಿನವನ್ನು ಕಾಗದದಲ್ಲೇ ಬರೆಯಬೇಕೆಂದಿಲ್ಲ. ಫೋನು ಮಾಡಿದರೂ ಎತ್ತುತ್ತೇನೆ.

ದೊಡ್ಡತಾಯಮ್ಮ